ಒತ್ತಡದ ನೀರಿನಿಂದ ಅಂಗಳವನ್ನೂ ಮರದ ಜಗಲಿಯನ್ನೂ ತೊಳೆಯುವ ಕ್ರಮ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲವು ಕಳೆಯುವ ವೇಳೆಗೆ ಮನೆಯಂಗಳ, ಮೆಟ್ಟಿಲು, ಕೊಟ್ಟಿಗೆಯ ಕಲ್ಲುಹಾಸು, ಹಿತ್ತಲಿನ ಮರದ ಜಗಲಿ ಇವೆಲ್ಲವೂ ಪಾಚಿಗಟ್ಟಿ ಕಾಲಿಡಲು ಭಯವಾಗುವುದು ಸರ್ವರೂ ಬಲ್ಲ ಸಂಗತಿ. ಮಳೆಗಾಲದಲ್ಲಿ ಅಡಿಕೆ ದಬ್ಬೆಗಳನ್ನು ಹಾಸಿ ನಡೆದಾಡುವುದೂ, ಕೊಯಿಲಿಗೆ ಮುಂಚೆ ಆಳುಗಳಿಂದ ಅಂಗಳವನ್ನು ಹೆರೆಯಿಸುವುದೂ ಪೂರ್ವದಿಂದ ನಡೆದುಬಂದ ರೂಢಿ. ಈಚೆಗೆ ಆಳುಗಳು ದೊರೆಯುವುದು ದುರ್ಲಭವಾದುದರಿಂದ ಅನೇಕ ಹಿಡುವಳಿದಾರರು ಒತ್ತಡದಿಂದ ನೀರನ್ನು ಚಿಮ್ಮಿಸುವ ಯಂತ್ರಗಳನ್ನು ಕೊಂಡಿರುತ್ತಾರೆ. ಕೆಲಸವು ಬೇಗನೆ ಮುಗಿಯುವುದೇನೋ ನಿಜ. ಆದರೆ ನೀರೇ ತಾನೇ ಎಂಬ ಸದರವು ಇಲ್ಲಿ ಸಲ್ಲದು.

ಮೋಟಾರು ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ೨ ಕಿಲೋ. ಮನೆಬಳಕೆಯ ಸಾಮಾನ್ಯ ತೊಳೆಯುವ ಯಂತ್ರದಿಂದ ಹೊರಡುವ ನೀರಿನ ಒತ್ತಡವು ೧೦೦ ರಿಂದ ೧೫೦ ಕಿಲೋ. ಇಂತಹ ನೀರಿನ ಎಳೆಯು ಸೂಜಿಯಂತೆ ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಹೊರಗೆ ಕಾಣುವುದು ಸಾಸುವೆ ಕಾಳಿನಷ್ಟು ಗಾಯ; ಮೊದಲಲ್ಲಿ ನೋವೂ ಅಷ್ಟಾಗಿ ತೋರದಿರಬಹುದು. ಒಳಗಾದರೋ ನೀರು, ಕೊಳೆ, ಬೆರೆಸಿದ ಮಾರ್ಜಕ ಇವು ಮಾಂಸದ ಪದರಗಳ ನಡುವೆ ಹರಡಿ, ಬಾವು ಬಂದು, ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಪ್ರಸಂಗವು ಒದಗುವುದುಂಟು. ಆಳಾದವನು ಅದಕ್ಕೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಕೆಲಸವನ್ನು ಮುಂದುವರಿಸುವುದು ಸ್ವಾಭಾವಿಕ. ಅದನ್ನು ತಡೆಯಬೇಕಾದವನು ಒಡೆಯನು. ಗಾಯವು ಎಷ್ಟೇ ಅಲ್ಪವಾಗಿ ತೋರಲಿ, ಅಂದೇ, ಆ ಗಳಿಗೆಯಲ್ಲಿಯೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ದು, ಒತ್ತಡದ ನೀರು ಒಳಹೊಕ್ಕಿದೆಯೆಂದೂ ನೀರಿನಲ್ಲಿ ಇಂತಹ ಪದಾರ್ಥವಿತ್ತೆಂದೂ ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಯಂತ್ರದ ಮೂತಿಯನ್ನು ಮನುಷ್ಯರ ಕಡೆಗಾಗಲಿ ದನಕರುಗಳ ಕಡೆಗಾಗಲಿ ತಿರುಗಿಸಲೇ ಕೂಡದು. ಕೆಸರಾದ ತಮ್ಮ ಕಾಲನ್ನೇ ಅದರಿಂದ ತೊಳೆದುಕೊಳ್ಳುವವರೂ ಉಂಟು; ಇದಕ್ಕಿಂತ ಅವಿವೇಕವು ಬೇರೊಂದಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು, ಕಣ್ಣಿಗೆ ಮುಚ್ಚುಗನ್ನಡಕ ಇವು ಅವಶ್ಯ. ಇಲಿಗಳ ಸಂಚಾರವಿರುವ ಕೊಟ್ಟಿಗೆಯಲ್ಲಿ ಸಿಡಿಯುವ ಕೊಳಕು ನೀರಿನಿಂದ ಇಲಿಜ್ವರದ ಭಯವೂ ಇರುವುದರಿಂದ ಬರಿಗಾಲಿನ ಕೆಲಸವು ಸರ್ವಥಾ ನಿಷಿದ್ಧ. ಗ್ರಾಮದಲ್ಲಿ ಒಂದೇ ಯಂತ್ರವು ಬಾಡಿಗೆಗೆ ಮನೆಯಿಂದ ಮನೆಗೆ ಹೋಗುವಲ್ಲಿ, ಬೂಟು ಕನ್ನಡಕಗಳೂ ಅದರೊಡನೆಯೇ ಹೋಗುವಂತೆ ಮುಖಂಡರು ಏರ್ಪಡಿಸುವುದು ಒಳ್ಳೆಯದು.

ಬಹುಮಟ್ಟಿನ ಯಂತ್ರಗಳೊಡನೆ ಬಣ್ಣಬಣ್ಣದ ಮೂತಿಗಳು ಬರುತ್ತವೆ. ಕೆಂಪಿನದು ಒಂದೇ ಎಳೆಯಾಗಿ ಚಿಮ್ಮುವುದು. ಮನೆಗೆಲಸಕ್ಕೆ ಅದರ ಗೊಡವೆಯೇ ಬೇಡ. ಹಸುರಿನದು ೨೫ ಡಿಗ್ರಿಯಷ್ಟು, ಬಿಳಿಯದು ೪೦ ಡಿಗ್ರಿಯಷ್ಟು ಅಗಲವಾಗಿ ಬೀಸುತ್ತದೆ. ಮರದ ಜಗಲಿಗೆ ಇವೆರಡೇ ಯೋಗ್ಯ. ಮೃದುವಾದ ಮರಕ್ಕೆ ೩೫ ರಿಂದ ೪೦ ಕಿಲೋ ಒತ್ತಡವು ಸಾಕು. ಗಟ್ಟಿ ಮರಕ್ಕೂ ೮೦ನ್ನು ಮೀರದಿರುವುದು ಲೇಸು. ಮೂತಿಯನ್ನು ಒಂದಡಿ ದೂರದಲ್ಲಿ ಹಿಡಿದು, ಮರದ ಎಳೆಯನ್ನು ಅನುಸರಿಸಿ ಉದ್ದಕ್ಕೆ ಸಾಗಿಸಬೇಕು. ಅಡ್ಡ ಹಿಡಿದರೆ ಹಲಗೆಯು ನಾರೆದ್ದು ಸಿಬಿರು ಕೀಳುತ್ತದೆ. ಮೊದಲು ಮರೆಯಾದ ಮೂಲೆಯೊಂದರಲ್ಲಿ ಪರೀಕ್ಷಿಸುವುದು ಕ್ಷೇಮ. ಜಂಬಿಟ್ಟಿಗೆಯೂ ಹಳೆಯ ಗಾರೆಯ ಸಂದುಗಳೂ ಈ ನೀರಿಗೆ ಉದುರಿಹೋಗುವುದರಿಂದ ಅಲ್ಲಿ ತೆಂಗಿನ ಕಡ್ಡಿಯ ಪೊರಕೆಯೇ ಮೇಲು.

ಕೊಟ್ಟಿಗೆಯ ಮೇಲಿನ ಆಸ್ಬೆಸ್ಟಾಸ್ ಸಿಮೆಂಟಿನ ಶೀಟುಗಳನ್ನು ಈ ಯಂತ್ರದಿಂದ ತೊಳೆಯಲೇಬಾರದು. ಅದರ ಸೂಕ್ಷ್ಮವಾದ ನಾರುಗಳು ಬಿಡಿಸಿಕೊಂಡು, ಒಣಗಿದ ಮೇಲೆ ಗಾಳಿಗೂಡಿ ಶ್ವಾಸಕೋಶವನ್ನು ಸೇರಿ, ಬಹುಕಾಲದ ಮೇಲೆ ಅರ್ಬುದ ರೋಗವನ್ನುಂಟುಮಾಡಬಲ್ಲುವು. ಏಣಿಯ ಮೇಲೆ ನಿಂತು ಯಾವುದನ್ನೂ ತೊಳೆಯಬಾರದು. ಮೂತಿಯ ಹಿಂದೊತ್ತು ಮನುಷ್ಯನನ್ನು ಉರುಳಿಸೀತು.

ವಿದ್ಯುತ್ತಿನ ಯಂತ್ರವಾದರೆ, ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ೩೦ ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು ಇರಲೇಬೇಕು. ತಂತಿಯ ಜೋಡಣೆಗಳು ಒದ್ದೆ ನೆಲದ ಮೇಲೆ ಬಿದ್ದಿರಕೂಡದು. ಪೆಟ್ರೋಲಿನ ಯಂತ್ರವನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ನಡೆಸಿದರೆ ವಾಸನೆಯಿಲ್ಲದ ವಿಷವಾಯುವು ತುಂಬಿ ಪ್ರಾಣಹಾನಿಯಾಗುವುದು. ಪಾಚಿಗೆ ಬ್ಲೀಚಿಂಗ್ ಪುಡಿಯನ್ನು ಹಾಕುವವರು ಅದರೊಡನೆ ಆ್ಯಸಿಡ್ಡನ್ನು ಎಂದಿಗೂ ಸೇರಿಸದೆ, ತೊಳೆದ ನೀರು ಬಾವಿಯ ಕಡೆಗೆ ಹರಿಯದಂತೆ ಮೊದಲೇ ಕಾಲುವೆ ತೆಗೆದಿರಬೇಕು. ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪಂಪಿನಿಂದಲೇ ಅಂಗಳವನ್ನು ತೊಳೆಯುವ ರೂಢಿಯೂ ಕೆಲವೆಡೆ ಉಂಟು. ಅದರ ಒತ್ತಡವು ಕಡಿಮೆಯಾದರೂ ಚರ್ಮಕ್ಕೆ ಅಪಾಯಕರವೇ. ಕೊಳವೆಯೊಳಗೆ ಮೈಲುತುತ್ತದ ಶೇಷವು ಉಳಿದಿರದಂತೆ ಮೊದಲು ನೋಡಿಕೊಳ್ಳತಕ್ಕದ್ದು.

ಕೆಲಸವು ಮುಗಿದ ಮೇಲೆ ಯಂತ್ರವನ್ನು ನಿಲ್ಲಿಸಿ, ನೀರನ್ನು ಕಟ್ಟಿ, ಕುದುರೆಯನ್ನು ಒತ್ತಿ ಕೊಳವೆಯಲ್ಲಿ ಉಳಿದ ಒತ್ತಡವನ್ನು ಬಿಟ್ಟು, ಆಮೇಲೆಯೇ ಮೂತಿಯನ್ನು ಕಳಚಬೇಕು. ಮರದ ಜಗಲಿಯು ಎರಡು ಮೂರು ದಿನ ಚೆನ್ನಾಗಿ ಒಣಗಿದ ತರುವಾಯ ಅಗಸೆ ಎಣ್ಣೆಯನ್ನು ತೆಳುವಾಗಿ ಬಳಿದರೆ ಹಲಗೆಯು ಬಾಳುತ್ತದೆ. ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಮ್ಮಷ್ಟಕ್ಕೆ ತಾವೇ ಕಾವೇರಿ ಹೊತ್ತಿಕೊಳ್ಳುವುದುಂಟಾದುದರಿಂದ ಅವುಗಳನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸತಕ್ಕದ್ದು.