ಕರಿ ಕಾಗದ ಬಿಚ್ಚುವ ಹೊತ್ತು

ನಂಬಿದರೆ ನಂಬಿ! ಲಕ್ಷಗಟ್ಟಲೆ ಜೀವಗಳನ್ನು ಒಂದೇ ಬೆಳಿಗ್ಗೆ, ಒಂದೇ ಹೊತ್ತಿಗೆ, ಕೂಗದೆ, ಕಂಬಳಿ ಎಳೆಯದೆ, ಮುಖಕ್ಕೆ ನೀರು ಚಿಮುಕಿಸದೆ ಎಬ್ಬಿಸಿಬಿಡುವ ವಿದ್ಯೆಯೊಂದಿದೆ. ಅದನ್ನು ಕಲಿಯಲು ಹಿಮಾಲಯಕ್ಕೆ ಹೋಗಬೇಕಿಲ್ಲ. ಹೊಸಕೋಟೆಯಲ್ಲಿ ಚಿಂತಾಮಣಿ ರಸ್ತೆ ಹಿಡಿದು ನಂದಗುಡಿ ಕಡೆ ಹೋದರೆ ಸಾಕು. ರಾಗಿ ಹೊಲ, ನೀಲಗಿರಿ ತೋಪುಗಳ ನಡುವೆ ಅಲ್ಲಲ್ಲಿ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಉದ್ದನೆಯ ಹುಳದ ಮನೆ. ಬೆಳಿಗ್ಗೆ ಏಳಲು ಒದ್ದಾಡುವ ನಮ್ಮಂಥವರ ಕಷ್ಟಕ್ಕೆ ಉತ್ತರವನ್ನು ರೇಷ್ಮೆಯವರು ಎಂದೋ ಒಂದು ಕರಿ ಕಾಗದದಲ್ಲಿ ಸುತ್ತಿಟ್ಟುಬಿಟ್ಟಿದ್ದಾರೆ!

ರೇಷ್ಮೆ ಮೊಟ್ಟೆಯನ್ನು ಹತ್ತಿರದಿಂದ ನೋಡಿದ್ದೀರಾ? ಒಂದು ಮಿಲಿಮೀಟರ್ ಆಸುಪಾಸು. ಒಂದು ಚಿಟ್ಟೆ ನಾನೂರು ಐನೂರು ಇಡುತ್ತದೆ. ರೈತರ ಲೆಕ್ಕದಲ್ಲಿ ‘ನೂರು ಮೊಟ್ಟೆ’ ಎಂದರೆ ನೂರು ಚಿಟ್ಟೆ ಇಟ್ಟದ್ದು, ಅಂದರೆ ನಲವತ್ತರಿಂದ ಐವತ್ತು ಸಾವಿರ ಜೀವ. ಹತ್ತು ಹನ್ನೊಂದು ದಿನ ಹದವಾದ ಶಾಖ, ಹದವಾದ ತೇವದಲ್ಲಿಟ್ಟರೆ ಒಳಗಿನ ಮರಿ ಬಲಿಯುತ್ತದೆ. ಒಂದು ದಿನ ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಕಾಣಿಸಿಕೊಳ್ಳುತ್ತದೆ. ಅದು ಮರಿಯ ತಲೆ! ಮರುದಿನ ಇಡೀ ಮೊಟ್ಟೆ ನೀಲಿಗೆ ತಿರುಗುತ್ತದೆ. ಹಾಗೇ ಬಿಟ್ಟರೆ ಆತುರದವು ಇವತ್ತು, ನಿಧಾನದವು ನಾಳೆ, ಇನ್ನಷ್ಟು ನಾಡಿದ್ದು ಹೊರಬರುತ್ತವೆ. ಹಿಂದು ಮುಂದಾದ ಹುಳವನ್ನು ಸಾಕುವುದು ಯಾರಿಗೂ ಬೇಡ. ಅದಕ್ಕೇ ಚುಕ್ಕಿ ಕಂಡ ಕೂಡಲೇ ಮೊಟ್ಟೆ ಹಾಳೆಗಳನ್ನು ಕರಿ ಕಾಗದದಲ್ಲೋ ಕರಿ ಬಟ್ಟೆಯಲ್ಲೋ ಸುತ್ತಿ ಎರಡು ದಿನ ಕಗ್ಗತ್ತಲಲ್ಲಿ ಇಟ್ಟುಬಿಡುತ್ತಾರೆ. ಮುಂದೆ ಹೋಗಿದ್ದವು ಕತ್ತಲಲ್ಲಿ ತಡೆದು ನಿಲ್ಲುತ್ತವೆ, ಹಿಂದುಳಿದವು ಬಂದು ಸೇರಿಕೊಳ್ಳುತ್ತವೆ. ಮೂರನೆಯ ಬೆಳಿಗ್ಗೆ ಕಾಗದ ಬಿಚ್ಚಿ ಬೆಳಕಿಗೆ ಹಿಡಿದರೆ, ಅಬ್ಬಾ! ಗಂಟೆ ಎರಡು ಗಂಟೆಯೊಳಗೆ ಹಾಳೆಯ ತುಂಬ ಕಪ್ಪಗೆ, ಮೈತುಂಬ ರೋಮದ, ಇರುವೆಗಳಂಥ ಮರಿಗಳು ಗಿಜಿಗುಟ್ಟುತ್ತವೆ. ಅಲಾರಂ ಇಲ್ಲ, ಬೈಗುಳ ಇಲ್ಲ. ಬರೀ ಬೆಳಕು!

ಈಗೀಗ ಹೆಚ್ಚಿನವರು ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡು ಸಲ ಚರ್ಮ ಕಳಚಿದ, ರೈತರ ಮಾತಿನಲ್ಲಿ ‘ಎರಡನೇ ಜ್ವರದ’, ಹುಳವನ್ನೇ ತಂದುಕೊಳ್ಳುತ್ತಾರೆ, ಕಾಗದ ಸುತ್ತುವ ಕೆಲಸ ಅಲ್ಲಿಯವರದು. ಆದರೂ ಈ ವಿದ್ಯೆಯ ಅಚ್ಚರಿ ಕಡಿಮೆಯಾಗುವುದಿಲ್ಲ. ಏಳುವುದು ಮನಸ್ಸು ಗಟ್ಟಿಮಾಡಿಕೊಳ್ಳುವ ವಿಷಯವೇ ಆಗಿದ್ದರೆ ಮನಸ್ಸೇ ಇಲ್ಲದ ಮೊಟ್ಟೆ ಹೀಗೆ ಎದ್ದು ಬರುತ್ತಿತ್ತೇ?

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ‘ಬಿಸಿಲು ಅಂಡಿನ ಮೇಲೆ ಬಿದ್ರೂ ಏಳಲ್ಲ, ಸೋಮಾರಿ ನನ್ ಮಗ’ ಅಂತ ಅಡುಗೆಮನೆಯಿಂದ ಶುರುವಾಗುತ್ತದೆ ಸುಪ್ರಭಾತ. ಈ ಬೈಗುಳದಲ್ಲಿ ಅರ್ಧ ವಿಜ್ಞಾನವಿದೆ ಎಂದರೆ ನಗಬೇಡಿ. ಎಬ್ಬಿಸುವುದು ಬಿಸಿಲೇ, ಸರಿ. ಬೀಳಬೇಕಾದ ಜಾಗ ಮಾತ್ರ ತಪ್ಪಾಗಿದೆ. ಅದು ಬೀಳಬೇಕಾದ್ದು ಕಣ್ಣಿಗೆ!

ಕಣ್ಣಿಗೇ ಏಕೆ? ಇಲ್ಲಿ ಕಥೆ ನಂದಗುಡಿಯಿಂದ ಹಾರಿ ಕಪ್ಪೆಯ ಚರ್ಮದ ಮೇಲೆ ಹೋಗಿ ಕೂರುತ್ತದೆ. 1998ರಲ್ಲಿ ಇಗ್ನಾಸಿಯೊ ಪ್ರೊವೆನ್ಸಿಯೊ ಮತ್ತು ಸಂಗಡಿಗರು ಆಫ್ರಿಕದ ಒಂದು ಜಾತಿಯ ಕಪ್ಪೆಯ ಚರ್ಮದಲ್ಲಿ, ಬೆಳಕು ತಾಗಿದರೆ ಪ್ರತಿಕ್ರಿಯಿಸುವ ಒಂದು ವಸ್ತುವನ್ನು ಕಂಡರು. ಮೆಲನಾಪ್ಸಿನ್ ಎಂದು ಅದರ ಹೆಸರು. ನಾಲ್ಕೇ ವರ್ಷದಲ್ಲಿ, 2002ರಲ್ಲಿ, ಡೇವಿಡ್ ಬರ್ಸನ್ ಮತ್ತು ಸಮೀರ್ ಹತ್ತಾರ್ ಮುಂತಾದವರ ಕೆಲಸದಿಂದ ಗೊತ್ತಾಯಿತು, ಇಲಿಗಳ ಕಣ್ಣಿನ ಹಿಂಪರದೆಯಲ್ಲಿ ಅದೇ ವಸ್ತುವಿರುವ ಕೆಲವೇ ಕೆಲವು ಕೋಶಗಳು ತಾವಾಗಿಯೇ ಬೆಳಕಿಗೆ ಪ್ರತಿಕ್ರಿಯಿಸುತ್ತವೆ. ನಮ್ಮ ಕಣ್ಣಲ್ಲೂ ಇಂಥವು ಇವೆ. ಈ ಕೋಶಗಳ ಮುಖ್ಯ ಕೆಲಸ ಚಿತ್ರ ನೋಡುವುದಲ್ಲ. ‘ಬೆಳಗಾಯಿತೋ ಇಲ್ಲವೋ’ ಎಂಬ ಒಂದೇ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು. ನೋಟ ಪೂರಾ ಹೋದ ಕೆಲವರಲ್ಲೂ ಈ ಕೋಶಗಳು ಉಳಿದಿರುತ್ತವೆ. ಏನೂ ಕಾಣದಿದ್ದರೂ ಅವರ ಮೈಗೆ ಬೆಳಗಾದದ್ದು ಗೊತ್ತಾಗುತ್ತದೆ!

ಸುದ್ದಿ ಹೋಗಿ ಸೇರುವುದು ಮೆದುಳಿನ ಬುಡದಲ್ಲಿರುವ, ಸುಮಾರು ಇಪ್ಪತ್ತು ಸಾವಿರ ಕೋಶಗಳ ಒಂದು ಪುಟ್ಟ ಗಂಟಿಗೆ. ನಮ್ಮೊಳಗಿನ ಗಡಿಯಾರ ಅದೇ. ಈ ಗಡಿಯಾರಕ್ಕೊಂದು ಐಬಿದೆ: ಅದರ ದಿನ ಸರಾಸರಿ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದ. ಬೆಳಕಿನಿಂದ ದಿನಾ ತಿದ್ದದಿದ್ದರೆ ಹಿಂದೆ ಹಿಂದೆ ಬೀಳುತ್ತಲೇ ಹೋಗುತ್ತದೆ. ಬೆಳಗಿನ ಬೆಳಕು ಮುಳ್ಳನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ರಾತ್ರಿ ಹನ್ನೊಂದರ ಟ್ಯೂಬ್‌ಲೈಟು, ಮೂಗಿನ ಹತ್ತಿರ ಹಿಡಿದ ಮೊಬೈಲು ಸೇರಿಕೊಂಡು ಒಳಗಿನ ಗಡಿಯಾರಕ್ಕೆ ‘ಇನ್ನೂ ಸಂಜೆ’ ಎಂದು ಸುಳ್ಳು ಹೇಳುತ್ತವೆ. ಬೆಳಿಗ್ಗೆ ಆರಕ್ಕೆ ಅಲಾರಂ ಹೊಡೆದಾಗ ಗೋಡೆಗೆ ಬೆಳಗಾಗಿರುತ್ತದೆ, ಮೈಗಿನ್ನೂ ನಡುರಾತ್ರಿ.

ಮೈಯ ಕಾವು ತೀರ ಇಳಿಯುವುದು ತಾನಾಗಿ ಎಚ್ಚರಾಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು. ಆ ತಂಪಿನ ಆಳದಿಂದ ಎಳೆದೆಬ್ಬಿಸಿದರೆ ಏಳುವವನ ಪಾಡು ಹೇಗಿರಬೇಡ! ಕಣ್ಣು ಬಿಟ್ಟ ಮೇಲೂ ಮೆದುಳಿನ ಎಲ್ಲ ಭಾಗ ಒಟ್ಟಿಗೆ ಏಳುವುದಿಲ್ಲ. ಯೋಚಿಸಿ ನಿರ್ಧರಿಸುವ ಮುಂಭಾಗಕ್ಕೆ ರಕ್ತದ ಹರಿವು ನಿಧಾನಕ್ಕೆ ಮರಳುತ್ತದೆ. ಕಾಲು ಗಂಟೆ, ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ‘ಇನ್ನೈದು ನಿಮಿಷ’ ಎಂದು ತೀರ್ಮಾನಿಸಿದ್ದು ಆ ಅರೆ ಎದ್ದ ಮೆದುಳು. ಆ ತೀರ್ಮಾನಕ್ಕೆ ನಿಮ್ಮನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಈಗ ಕೇಳಿ, ನನ್ನನ್ನು ದಂಗುಬಡಿಸಿದ ಪ್ರಯೋಗ! 1970ರಲ್ಲಿ ಅಮೆರಿಕದ ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡಿಫೋರ್ಡ್ ಎರಡು ಜಾತಿಯ ಕಾಡು ರೇಷ್ಮೆ ಪತಂಗಗಳನ್ನು ತೆಗೆದುಕೊಂಡರು. ಒಂದು ಸಿಕ್ರೋಪಿಯ, ಗೂಡೊಡೆದು ಹೊರಬರುವುದು ಬೆಳಿಗ್ಗೆ. ಇನ್ನೊಂದು ಚೀನಾದ ಓಕ್ ಮರದ ಹುಳ, ನಮ್ಮ ಟಸ್ಸಾರ್ ರೇಷ್ಮೆಯ ದಾಯಾದಿ. ಅದು ಏಳುವುದು ಸಂಜೆಯ ಹೊತ್ತಿಗೆ. ಕೋಶದೊಳಗಿನ ಪತಂಗದ ಮೆದುಳನ್ನು ತೆಗೆದುಹಾಕಿದರು. ಪತಂಗ ಆಮೇಲೂ ಹೊರಬಂತು, ಆದರೆ ಹೊತ್ತು ಗೊತ್ತಿಲ್ಲದೆ, ಯಾವಾಗೆಂದರೆ ಆವಾಗ. ತೆಗೆದ ಮೆದುಳನ್ನು ತಲೆಗಲ್ಲ, ಹೊಟ್ಟೆಯೊಳಗೆ ಇಟ್ಟು ಹೊಲಿದರು. ಹೊತ್ತು ವಾಪಸ್ ಬಂತು! ಕೊನೆಗೆ ಒಂದು ಜಾತಿಯ ಮೆದುಳನ್ನು ಇನ್ನೊಂದರ ಹೊಟ್ಟೆಗೆ ಹಾಕಿ ಅದಲು ಬದಲು ಮಾಡಿದರು. ಬೆಳಗಿನ ಪತಂಗ ಸಂಜೆ ಎದ್ದಿತು, ಸಂಜೆಯದು ಬೆಳಿಗ್ಗೆ! ಏಳುವ ಹೊತ್ತು ಎಂಬುದು ಕಿತ್ತು ಬೇರೆಡೆ ನೆಡಬಹುದಾದ ವಸ್ತು! ಬೆಳಗಿನ ಜಾವದ ಮಹಿಮೆಯ ಬಗ್ಗೆ ಭಾಷಣ ಬಿಗಿಯುವವರು ಇದನ್ನೊಮ್ಮೆ ಓದಿಕೊಳ್ಳಬೇಕು.

ಇದಕ್ಕೆ ಸರಿಜೋಡಿಯಾದ ಇನ್ನೊಂದು ಅಚ್ಚರಿ ನಮ್ಮ ಜಕ್ಕೂರಿನಲ್ಲೇ ನಡೆಯಿತು. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ಪ್ರಯೋಗಾಲಯದಲ್ಲಿ, ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಗಳಲ್ಲಿ ಬೆಳಿಗ್ಗೆ ಬೇಗ ಕೋಶ ಒಡೆದು ಬಂದವನ್ನು ಮಾತ್ರ ಆರಿಸಿ ಸಂತಾನ ಬೆಳೆಸಿದರು. ಇನ್ನೊಂದು ಕಡೆ ಸಂಜೆ ಹೊತ್ತಿಗೆ ಬಂದವನ್ನು ಆರಿಸಿದರು. ಹೀಗೇ ತಲೆಮಾರಿನ ಮೇಲೆ ತಲೆಮಾರು. 2007ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಬೇಗ ಏಳುವ ವಂಶದ ಗಡಿಯಾರದ ದಿನ ಗಿಡ್ಡವಾಗಿತ್ತು, ತಡವಾಗಿ ಏಳುವ ವಂಶದ್ದು ಉದ್ದವಾಗಿತ್ತು. ಮನುಷ್ಯರಲ್ಲೂ ಇಂಥ ವಂಶಗಳಿವೆ. ಸಂಜೆ ಏಳೂವರೆಗೆ ತೂಕಡಿಸಿ ನಸುಕಿನ ನಾಲ್ಕೂವರೆಗೆ ತಾನಾಗಿ ಎದ್ದು ಕೂರುವ ಅಮೆರಿಕದ ಒಂದು ಕುಟುಂಬದಲ್ಲಿ, ಅದಕ್ಕೆ ಕಾರಣವಾದ ಜೀನಿನ ಬದಲಾವಣೆಯನ್ನು 2001ರಲ್ಲಿ ಪತ್ತೆಹಚ್ಚಿದರು. ಆ ಜೀನು ನೊಣದ ಗಡಿಯಾರದ ಜೀನಿನ ನೆಂಟ! ನೊಣದ ಆ ಗಡಿಯಾರವನ್ನು ಬಿಚ್ಚಿ ನೋಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಹಾಗಾದರೆ ತಡವಾಗಿ ಏಳುವವರ ಗತಿ? ಮತ್ತೆ ಹುಳದ ಮನೆಗೇ ಬನ್ನಿ, ಅಲ್ಲಿ ಇನ್ನೊಂದು ಸೋಜಿಗ ಇದೆ.

ಹುಳ ತನ್ನ ಇಪ್ಪತ್ತೈದು ದಿನದ ಬಾಳಿನಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೇವು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಒಂದು ಹಗಲು ಒಂದು ರಾತ್ರಿಯ ಆಸುಪಾಸು ಹಾಗೇ ಇದ್ದು, ಹಳೇ ಚರ್ಮ ಕಳಚಿ ಏಳುತ್ತದೆ. ಹಾಸಿಗೆ ಒಣಗಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಎಲ್ಲ ಹುಳ ಒಟ್ಟಿಗೆ ಏಳುವುದಿಲ್ಲ. ಮೊದಲು ಎದ್ದವು ಹಸಿದು ತಲೆ ಆಡಿಸುತ್ತ ಸೊಪ್ಪು ಹುಡುಕುತ್ತವೆ. ಹೊಸಬರಿಗೆ ಕರುಳು ಚುರುಕ್ ಅನ್ನುತ್ತದೆ, ಪಾಪ ಒಂದು ಹಿಡಿ ಹಾಕೋಣ ಅಂತ ಕೈ ಹೋಗುತ್ತದೆ. ಅಷ್ಟರಲ್ಲಿ ಮನೆಯ ಹಿರಿಯಕ್ಕನ ಗದರಿಕೆ ಬರುತ್ತದೆ: ‘ಇನ್ನೂ ಎದ್ದಿಲ್ಲ ಕಣೋ, ಸೊಪ್ಪು ಹಾಕ್ಬೇಡ!’ ನೂರಕ್ಕೆ ತೊಂಬತ್ತೈದು ಹುಳ ಎದ್ದ ಮೇಲೇ ಮೊದಲ ಮೇವು. ಮೊದಲೇ ಹಾಕಿದರೆ ಎದ್ದವು ತಿಂದು ಬಲಿಯುತ್ತವೆ, ಏಳದವು ಸೊಪ್ಪಿನಡಿ ಸಿಕ್ಕಿಕೊಂಡು ಸೊರಗುತ್ತವೆ, ಇಡೀ ಬೆಳೆ ಏರುಪೇರಾಗುತ್ತದೆ. ನಾವು ಮಾಡುತ್ತಿರುವುದು ಪೂರಾ ಉಲ್ಟಾ ಅಲ್ಲವೇ? ಹರೆಯದಲ್ಲಿ ಒಳಗಿನ ಗಡಿಯಾರ ತಾನಾಗಿ ಹಿಂದಕ್ಕೆ ಸರಿಯುತ್ತದೆ, ಇಪ್ಪತ್ತರ ಆಸುಪಾಸಿನವರೆಗೂ ಹಾಗೆಯೇ. ಆ ವಯಸ್ಸಿನ ಹತ್ತನೇ ತರಗತಿಯ ಹುಡುಗರನ್ನೇ ಹುಡುಕಿ ಹಿಡಿದು ನಸುಕಿನ ಐದಕ್ಕೆ ಟ್ಯೂಷನ್ನಿಗೆ ಅಟ್ಟುತ್ತೇವೆ. ನನ್ನ ಮಟ್ಟಿಗೆ ಆ ಹಿರಿಯಕ್ಕನನ್ನು ಶಿಕ್ಷಣ ಇಲಾಖೆಯ ಸಲಹೆಗಾರ್ತಿ ಮಾಡಬೇಕು.

ಬೆಳಕೇ ಇಲ್ಲದ ಕಡೆ ಏನು? ಅದನ್ನೂ ಕಂಡುಹಿಡಿದವರಿದ್ದಾರೆ! ಮುಂದೆ ಜಕ್ಕೂರಿನ ಕೇಂದ್ರಕ್ಕೆ ಬಂದು ಒಳಗಡಿಯಾರದ ಈ ಶಾಸ್ತ್ರವನ್ನು ಬೆಳೆಸಿದ ಎಂ. ಕೆ. ಚಂದ್ರಶೇಖರನ್ ಮದುರೆಯಲ್ಲಿದ್ದಾಗ ಸಂಗಡಿಗರೊಂದಿಗೆ ಗುಹೆಯೊಂದರ ಕತ್ತಲಲ್ಲಿ ಒಂಟಿ ಬಾವಲಿಯನ್ನು ಪಂಜರದಲ್ಲಿಟ್ಟು ಗಮನಿಸಿದರು. ಸೂರ್ಯನ ಸುಳಿವೇ ಇಲ್ಲದಿದ್ದರೂ, ಗುಹೆಯ ಉಳಿದ ಬಾವಲಿಗಳು ಹೊರಟು ಮರಳುವ ಗಲಾಟೆಗೇ ಅದು ತನ್ನ ಹೊತ್ತನ್ನು ಹೊಂದಿಸಿಕೊಂಡಿತ್ತು. 1981ರ ಮಾತಿದು. ಡೇರಿಗೆ ಹಾಲು ಹಾಕುವ ಮನೆಯ ಬೆಳಗು ನೆನಪಾಯಿತೇ? ಕ್ಯಾನಿನ ಸದ್ದು, ಸೀಮೆಹಸುವಿನ ಕೂಗು, ಕೊಟ್ಟಿಗೆಯಿಂದ ಡೇರಿಗೆ ಓಡುವ ಗಡಿಬಿಡಿ. ಆ ಮನೆಯಲ್ಲಿ ಅಲಾರಂ ಯಾರಿಗೆ ಬೇಕು? ಬೆಂಗಳೂರಿನ ಪೀಜಿಯ ಒಂಟಿ ಕೋಣೆಯಲ್ಲಿ, ಕಿಟಕಿಗೆ ದಪ್ಪ ಪರದೆ ಎಳೆದುಕೊಂಡು ಮಲಗಿದ ಅದೇ ಮನೆಯ ಹುಡುಗನಿಗೆ ಬೆಳಕೂ ಇಲ್ಲ, ಗಲಾಟೆಯೂ ಇಲ್ಲ. ಅವನು ಕರಿ ಕಾಗದದೊಳಗೇ ಇದ್ದಾನೆ, ಬಿಚ್ಚುವವರಿಲ್ಲ.

ಬಿಚ್ಚಿದರೆ ಎಷ್ಟು ಬೇಗ ಗುಣ ಕಾಣುತ್ತದೆ ಗೊತ್ತೇ? 2013ರಲ್ಲಿ ಕೆನೆತ್ ರೈಟ್ ಎಂಬವರು ಎಂಟು ಜನರನ್ನು ಕೊಲರಾಡೊದ ಬೆಟ್ಟದಲ್ಲಿ ಡೇರೆ ಹಾಕಿಸಿ ಒಂದು ವಾರ ಇರಿಸಿದರು. ಕರೆಂಟು ಇಲ್ಲ, ಮೊಬೈಲ್ ಇಲ್ಲ, ರಾತ್ರಿ ಬೆಂಕಿಯ ಬೆಳಕಷ್ಟೇ. ಒಂದೇ ವಾರದಲ್ಲಿ ಅವರ ಒಳಗಡಿಯಾರ ಸುಮಾರು ಎರಡು ಗಂಟೆ ಮುಂದಕ್ಕೆ ಬಂದಿತ್ತು! ನಮಗೆ ಡೇರೆಯೂ ಬೇಡ. ಕೋಣೆಯ ದೀಪ ಕೊಡುವುದು ನೂರು ಇನ್ನೂರು ಲಕ್ಸ್. ಮೋಡ ಕವಿದ ಬೆಳಿಗ್ಗೆಯೂ ಹೊರಗೆ ಸಾವಿರಗಟ್ಟಲೆ ಇರುತ್ತದೆ. ನಮ್ಮ ಕಡೆ ಹೊತ್ತು ಹುಟ್ಟುವುದು ಜೂನ್ ಮೊದಲಲ್ಲಿ ಆರಕ್ಕೂ ಸ್ವಲ್ಪ ಮುಂಚೆ, ಜನವರಿ ಕೊನೆಗೆ ಆರೂಮುಕ್ಕಾಲಿಗೆ. ಇಡೀ ವರ್ಷದಲ್ಲಿ ಒಂದು ಗಂಟೆಯ ವ್ಯತ್ಯಾಸವೂ ಇಲ್ಲ, ಇಂಥ ಪುಣ್ಯ ಲಂಡನ್ನಿನವರಿಗೆ ಎಲ್ಲಿ! ಪರದೆ ಸರಿಸಿ ಮಲಗಿ, ಎದ್ದ ಕೂಡಲೇ ಕಾಫಿ ಲೋಟ ಹಿಡಿದು ತಾರಸಿಗೆ ಹೋಗಿ. ಸೂರ್ಯನನ್ನು ದಿಟ್ಟಿಸಬೇಕಿಲ್ಲ, ದಿಟ್ಟಿಸಲೂಬಾರದು. ಬಯಲಲ್ಲಿ ಕಾಲು ಗಂಟೆ, ಅರ್ಧ ಗಂಟೆ ಓಡಾಡಿದರೆ ಸಾಕು. ರಾತ್ರಿ ದೀಪ ತಗ್ಗಿಸಿ. ಸಂಜೆಯ ಕಾಫಿಯಲ್ಲಿನ ಕೆಫೀನಿನ ಸುಮಾರು ಅರ್ಧ ಐದು ಗಂಟೆ ಕಳೆದ ಮೇಲೂ ಮೈಯಲ್ಲಿ ಉಳಿದಿರುತ್ತದೆ, ಅದನ್ನೂ ನೋಡಿಕೊಳ್ಳಿ. ಸಾಕಷ್ಟು ಮಲಗಿಯೂ ಏಳಲಾಗದಿದ್ದರೆ, ಗೊರಕೆ ಜೋರಿದ್ದರೆ, ಅಥವಾ ಮನಸ್ಸೇ ಮಂಕಾಗಿದ್ದರೆ ಅದು ಬೇರೆ ಕಥೆ, ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಆಸೆ ತೋರಿಸಿ ಎಬ್ಬಿಸುವ ಉಪಾಯ. ಹೊತ್ತು ತಡವಾಗಿ ಹುಟ್ಟುವ, ಚಳಿ ಕೊರೆಯುವ ಧನುರ್ಮಾಸದಲ್ಲೇ ನಸುಕಿನ ಪೂಜೆ ಇಟ್ಟು, ಕೊನೆಗೆ ಕೈಗೆ ಬಿಸಿಬಿಸಿ ಹುಗ್ಗಿ ಕೊಟ್ಟ ಹಿರಿಯರು ಎಂಥ ಚಾಲಾಕಿಗಳು! ಹೊಸಕೋಟೆಯಲ್ಲಿ ಹುಗ್ಗಿಯ ಜಾಗಕ್ಕೆ ದಮ್ ಬಿರಿಯಾನಿ ಬಂದಿದೆ. ವಾರವಿಡೀ ಎಂಟಕ್ಕೂ ಏಳದ ಬೆಂಗಳೂರಿನ ಹುಡುಗರು ಭಾನುವಾರ ನಸುಕಿನ ನಾಲ್ಕಕ್ಕೆ ಅಲ್ಲಿ ಸಾಲು ನಿಂತಿರುತ್ತಾರೆ. ತಿಂದು ಮನೆಗೆ ಹೋಗಿ ಪರದೆ ಎಳೆದುಕೊಂಡು ಮಧ್ಯಾಹ್ನದವರೆಗೆ ಮಲಗಿದರೆ ಮಾತ್ರ ಗೆದ್ದದ್ದೆಲ್ಲ ಹೋಯಿತು. ವಾರದ ಕೊನೆಗೆ ಒಂದು ಹೊತ್ತು, ಕೆಲಸದ ದಿನ ಇನ್ನೊಂದು ಹೊತ್ತು ಇಟ್ಟುಕೊಳ್ಳುವ ಈ ಎಳೆದಾಟವನ್ನು ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಸೋಷಿಯಲ್ ಜೆಟ್‌ಲ್ಯಾಗ್ ಎಂದು ಕರೆದರು. ವಿಮಾನ ಹತ್ತದೆಯೇ ದೇಶಾಂತರದ ಆಯಾಸ. ಆದ್ದರಿಂದ ಬಿರಿಯಾನಿ ಆದ ಮೇಲೆ ಗಾಡಿಯನ್ನು ಬೆಂಗಳೂರಿನ ಕಡೆಗಲ್ಲ, ಚಿಂತಾಮಣಿ ರಸ್ತೆಗೆ ತಿರುಗಿಸಿ. ನಂದಗುಡಿ ದಾಟುವ ಹೊತ್ತಿಗೆ ಬಲಗಡೆಯ ಬಯಲಿನಲ್ಲಿ ಬೆಳಕು ಹರಿದಿರುತ್ತದೆ. ಕೂಲಿಂಗ್ ಗ್ಲಾಸ್ ಮಾತ್ರ ಜೇಬಿನಲ್ಲೇ ಇರಲಿ.