ಬದಿಗಿಟ್ಟ ಚಿತ್ರ, ಆಕಾಶಕ್ಕೇರಿದ ನೌಕೆ

2016ರ ಜುಲೈ ತಿಂಗಳಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದ ಕಾಮಿಕ್-ಕಾನ್ ಸಮ್ಮೇಳನದಲ್ಲಿ ಒಂದು ಪುಟ್ಟ ಚಿತ್ರವನ್ನು ತೋರಿಸಲಾಯಿತು. ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಎಂಬ ಹೊಸ ಧಾರಾವಾಹಿಯ ಮುನ್ನೋಟ ಅದು. ಕ್ಷುದ್ರಗ್ರಹವೊಂದರ ಒಡಲಿನಿಂದ ನೌಕೆಯೊಂದು ಹೊರಬರುತ್ತದೆ. ಮುಂದೆ ದುಂಡನೆಯ ತಟ್ಟೆ. ಹಿಂದೆ ಬಾಣದ ಮೊನೆಯಂತಹ ತ್ರಿಕೋನಾಕಾರದ ಒಡಲು. ಅದರ ಎರಡು ಪಕ್ಕಗಳಲ್ಲಿ ಎರಡು ಇಂಜಿನ್ ಕೊಳವೆಗಳು. ಧಾರಾವಾಹಿ ಹೊಸದು, ನೌಕೆಯೂ ಹೊಸದು. ಆದರೆ ಹಳೆಯ ಅಭಿಮಾನಿಗಳಿಗೆ ಆ ಆಕಾರ ಚಿರಪರಿಚಿತವಾಗಿತ್ತು. ನಲವತ್ತು ವರ್ಷಗಳ ಹಿಂದೆ, ಕೊನೆಗೂ ತಯಾರಾಗದೆ ಹೋದ ಚಲನಚಿತ್ರವೊಂದಕ್ಕಾಗಿ ಬರೆದಿದ್ದ ವರ್ಣಚಿತ್ರದಲ್ಲಿ ಅವರು ಅದನ್ನು ನೋಡಿದ್ದರು. ಅದನ್ನು ಬರೆದ ಕಲಾವಿದ ರಾಲ್ಫ್ ಮೆಕ್ವಾರಿ 2012ರಲ್ಲೇ ತೀರಿಕೊಂಡಿದ್ದರು.

ಒಮ್ಮೆ ಬೇಡವೆಂದು ಬದಿಗಿಟ್ಟ ಚಿತ್ರ ಇಷ್ಟು ಕಾಲದ ಮೇಲೆ ಮತ್ತೆ ಏಕೆ ಬೇಕಾಯಿತು? ಇದಕ್ಕೆ ಉತ್ತರ ಸಿಗಬೇಕಾದರೆ ವೈಜ್ಞಾನಿಕ ಕಥಾಚಿತ್ರಗಳ ನೌಕೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. ಕಿರುತೆರೆಯ ಮೇಲೆ ದೃಶ್ಯಗಳು ಕ್ಷಣದಲ್ಲಿ ಬಂದು ಮರೆಯಾಗುತ್ತವೆ. ಪುಟದ ಮೇಲಾದರೆ ನಿಧಾನವಾಗಿ ನೋಡಬಹುದು.

ಕಥೆಗಾರ ‘ಒಂದು ದೊಡ್ಡ ನೌಕೆ ಬಂದಿತು’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಚಿತ್ರ ತಯಾರಿಸುವವರಿಗೆ ಅಷ್ಟು ಸಾಲದು. ನಿರ್ದೇಶಕ, ಹಣ ಹೂಡುವವರು, ಮಾದರಿ ಕಟ್ಟುವ ಬಡಗಿ, ಛಾಯಾಗ್ರಾಹಕ, ಇವರೆಲ್ಲರ ಮನಸ್ಸಿನಲ್ಲೂ ಒಂದೇ ನೌಕೆ ಮೂಡಬೇಕು. ಆದ್ದರಿಂದ ಚಿತ್ರೀಕರಣಕ್ಕೆ ಬಹಳ ಮೊದಲೇ ಕಲಾವಿದರೊಬ್ಬರು ಅದನ್ನು ಬರೆದು ತೋರಿಸುತ್ತಾರೆ. ಇದನ್ನೇ ಪರಿಕಲ್ಪನಾ ಚಿತ್ರ ಎನ್ನುತ್ತಾರೆ. ಮನೆ ಕಟ್ಟುವ ನಕ್ಷೆಗೂ ಇದಕ್ಕೂ ವ್ಯತ್ಯಾಸವಿದೆ. ನಕ್ಷೆಯಲ್ಲಿ ಅಳತೆ ಮುಖ್ಯ. ಇಲ್ಲಿ ನೋಡಿದವರ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂಬುದು ಮುಖ್ಯ. ಅಳತೆಯ ನಕ್ಷೆ ಆಮೇಲೆ ಬರುತ್ತದೆ. ಒಂದು ನೌಕೆಗೆ ಹತ್ತಾರು ಚಿತ್ರಗಳು ಸಿದ್ಧವಾಗಿ, ಬಳಕೆಗೆ ಒಂದೇ ಒಂದು ಬರುವುದು ವಾಡಿಕೆ. ಉಳಿದವು ಕಪಾಟು ಸೇರುತ್ತವೆ. ನಮ್ಮ ಕಥೆ ಇರುವುದು ಆ ಕಪಾಟಿನಲ್ಲಿ.

ಮೊದಲಿಗೆ ಮೂಲ ನೌಕೆಯನ್ನು ನೋಡೋಣ. ‘ಸ್ಟಾರ್ ಟ್ರೆಕ್’ ಧಾರಾವಾಹಿ ಅಮೆರಿಕದಲ್ಲಿ ಪ್ರಸಾರವಾಗತೊಡಗಿದ್ದು 1966ರಲ್ಲಿ. ಅದರ ನೌಕೆ ‘ಎಂಟರ್‌ಪ್ರೈಸ್’ ಅನ್ನು ರೂಪಿಸಿದವರು ಮ್ಯಾಟ್ ಜೆಫರೀಸ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಕೆಲಸ ಮಾಡಿದ್ದ ಅವರು ಸ್ವತಃ ವಿಮಾನ ಹಾರಿಸಬಲ್ಲವರಾಗಿದ್ದರು. ನಿರ್ಮಾಪಕ ಜೀನ್ ರಾಡೆನ್‌ಬೆರಿ ಅವರಿಗೆ ಹೇಳಿದ್ದು ಹೆಚ್ಚಾಗಿ ‘ಏನು ಇರಬಾರದು’ ಎಂಬುದನ್ನೇ: ರಾಕೆಟ್ಟಿನ ಬೆಂಕಿ ಇರಬಾರದು, ಹೊಗೆಯ ಬಾಲ ಇರಬಾರದು, ಮೀನಿನ ಈಜುರೆಕ್ಕೆಯಂತಹ ರೆಕ್ಕೆಗಳು ಇರಬಾರದು. ಜೆಫರೀಸ್ ಒಂದು ಉಪಾಯ ಮಾಡಿದರು. ಆವರೆಗೆ ಬಂದಿದ್ದ ‘ಬಕ್ ರೋಜರ್ಸ್’, ‘ಫ್ಲ್ಯಾಶ್ ಗಾರ್ಡನ್’ ಮೊದಲಾದ ಕಥೆಗಳ ನೌಕೆಗಳ ಚಿತ್ರಗಳನ್ನೆಲ್ಲ ಸಂಗ್ರಹಿಸಿ ಗೋಡೆಗೆ ಅಂಟಿಸಿದರು. ನಾವು ಮಾಡಬಾರದ್ದು ಇವು ಎಂದು ನೆನಪಿಸುವುದಕ್ಕಾಗಿ!

ಹೀಗೆ ಹಳೆಯದನ್ನೆಲ್ಲ ತೊರೆದು ಹುಟ್ಟಿದ ರೂಪ ಬಹಳ ಸರಳವಾಗಿತ್ತು. ಜನ ವಾಸಿಸಲು ಒಂದು ತಟ್ಟೆ, ಅದರ ಕೆಳಗೆ ಒಂದು ದುಂಡು ಒಡಲು, ಅಲ್ಲಿಂದ ಮೇಲಕ್ಕೆ ಚಾಚಿದ ಎರಡು ತೋಳುಗಳ ತುದಿಯಲ್ಲಿ ಇಂಜಿನ್ನುಗಳು. ಇಂಜಿನ್ನುಗಳನ್ನು ಅಷ್ಟು ದೂರ ಏಕೆ ಇಟ್ಟರು? ಅಷ್ಟು ಪ್ರಬಲವಾದ ಯಂತ್ರ ಅಪಾಯಕಾರಿಯೂ ಆಗಿರಬೇಕು, ಜನರ ಬಳಿ ಇರಬಾರದು ಎಂಬುದು ಅವರ ತರ್ಕ. ಹೊರಮೈ ನುಣುಪಾಗಿದ್ದುದಕ್ಕೂ ಕಾರಣವಿತ್ತು. ಯಂತ್ರ ಎಂದ ಮೇಲೆ ಕೆಡುತ್ತದೆ. ಅದನ್ನು ಗಾಳಿಯಿಲ್ಲದ ಹೊರಗೆ ನಿಂತು ರಿಪೇರಿ ಮಾಡುವುದಕ್ಕಿಂತ ಒಳಗಿನಿಂದ ಮಾಡುವುದು ಸುಲಭವಲ್ಲವೇ? ಕಥೆಯ ನೌಕೆಯೇ ಆದರೂ ಅದರ ಪ್ರತಿಯೊಂದು ಗೆರೆಯ ಹಿಂದೆ ಒಬ್ಬ ವಿಮಾನ ತಂತ್ರಜ್ಞನ ಅನುಭವವಿತ್ತು. ಆ ಗೆರೆಗಳು ಇಂದಿಗೂ ಬಾಳುತ್ತಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಚಿತ್ರೀಕರಣಕ್ಕಾಗಿ ಕಟ್ಟಿದ ದೊಡ್ಡ ಮಾದರಿಯ ಉದ್ದ 11 ಅಡಿಗೂ ಸ್ವಲ್ಪ ಹೆಚ್ಚು. ಒಳಗಿನ ದೀಪಗಳಿಗೆ ಬೇಕಾದ ತಂತಿಗಳು ಎಡಬದಿಯಿಂದ ಬರುತ್ತಿದ್ದುದರಿಂದ ಆ ಬದಿಯನ್ನು ಅಲಂಕರಿಸದೆ ಬಿಟ್ಟಿದ್ದರು. ಹೀಗಾಗಿ ಕ್ಯಾಮೆರಾಕ್ಕೆ ಕಾಣುತ್ತಿದ್ದುದು ಬಲಬದಿ ಮಾತ್ರ. ಈಗ ಈ ಮಾದರಿ ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ.

ಅಂದ ಹಾಗೆ, ಮಾದರಿಗಳ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ಮಕ್ಕಳು ಮನೆಯಲ್ಲೇ ಜೋಡಿಸಬಹುದಾದ ಎಂಟರ್‌ಪ್ರೈಸ್‌ನ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯನ್ನು ಎಎಂಟಿ ಎಂಬ ಕಂಪನಿ ಮಾರುತ್ತಿತ್ತು. 1967ರ ಒಂದು ಕಂತಿನಲ್ಲಿ ‘ಕಾನ್‌ಸ್ಟೆಲೇಶನ್’ ಎಂಬ ಧ್ವಂಸಗೊಂಡ ನೌಕೆಯನ್ನು ತೋರಿಸಬೇಕಾಗಿತ್ತು. ಇನ್ನೊಂದು ದೊಡ್ಡ ಮಾದರಿ ಕಟ್ಟಲು ಹಣವಿರಲಿಲ್ಲ. ಅಂಗಡಿಯ ಅದೇ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಿ, ಸುಟ್ಟು ವಿರೂಪಗೊಳಿಸಿ ಕ್ಯಾಮೆರಾದ ಮುಂದಿಟ್ಟರು. ಪೆಟ್ಟಿಗೆಯಲ್ಲಿದ್ದ ಅಂಕಿಗಳು 1701, ಅಂದರೆ ಎಂಟರ್‌ಪ್ರೈಸ್‌ನ ಸಂಖ್ಯೆ. ಅವನ್ನೇ ಅದಲುಬದಲು ಮಾಡಿ 1017 ಎಂದು ಅಂಟಿಸಿದರು. ಕಲಾವಿದನ ಚಿತ್ರದಿಂದ ಆಟಿಕೆ ಹುಟ್ಟಿತ್ತು. ಈಗ ಆಟಿಕೆಯಿಂದ ಇನ್ನೊಂದು ನೌಕೆ ಹುಟ್ಟಿತು.

ಇನ್ನು ಮೆಕ್ವಾರಿಯವರ ಚಿತ್ರಕ್ಕೆ ಬರೋಣ. ಧಾರಾವಾಹಿ 1969ರಲ್ಲಿ ನಿಂತುಹೋದರೂ ಅಭಿಮಾನಿಗಳು ಅದನ್ನು ಮರೆಯಲಿಲ್ಲ. 1976ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ‘ಪ್ಲಾನೆಟ್ ಆಫ್ ದಿ ಟೈಟಾನ್ಸ್’ ಎಂಬ ಚಲನಚಿತ್ರಕ್ಕೆ ಕೈಹಾಕಿತು. ಜೇಮ್ಸ್ ಬಾಂಡ್ ಚಿತ್ರಗಳ ಭವ್ಯ ರಂಗಸಜ್ಜಿಕೆಗಳಿಗೆ ಹೆಸರಾಗಿದ್ದ ಕೆನ್ ಆಡಮ್ ಮತ್ತು ಬೋಯಿಂಗ್ ವಿಮಾನ ಕಂಪನಿಯಲ್ಲಿ ತಾಂತ್ರಿಕ ಚಿತ್ರಕಾರರಾಗಿದ್ದ ರಾಲ್ಫ್ ಮೆಕ್ವಾರಿ ಜೊತೆಗೂಡಿ ಎಂಟರ್‌ಪ್ರೈಸ್‌ಗೆ ಹೊಸ ರೂಪ ಕೊಡಲು ಹೊರಟರು. ತಟ್ಟೆಯನ್ನು ಉಳಿಸಿಕೊಂಡರು, ಎರಡು ಇಂಜಿನ್ನುಗಳನ್ನು ಉಳಿಸಿಕೊಂಡರು. ದುಂಡು ಒಡಲನ್ನು ಮಾತ್ರ ತೆಗೆದುಹಾಕಿ ಅದರ ಜಾಗದಲ್ಲಿ ಚಪ್ಪಟೆಯಾದ ದೊಡ್ಡ ತ್ರಿಕೋನವನ್ನು ಇಟ್ಟರು. ಒಂದೇ ಒಂದು ಭಾಗ ಬದಲಾದದ್ದಕ್ಕೆ ಸೌಮ್ಯವಾಗಿದ್ದ ನೌಕೆ ಒಮ್ಮೆಲೇ ಉಗ್ರವಾಗಿ ಕಾಣತೊಡಗಿತು. ವರ್ಣಚಿತ್ರಗಳಾದವು, ಕೆಲವು ಚಿಕ್ಕ ಮಾದರಿಗಳೂ ಆದವು. 1977ರಲ್ಲಿ ಸಂಸ್ಥೆ ಚಿತ್ರವನ್ನೇ ಕೈಬಿಟ್ಟಿತು.

ಅದೇ ವರ್ಷ ಮೆಕ್ವಾರಿಯವರ ಹೆಸರು ಬೇರೊಂದು ಚಿತ್ರದಿಂದ ಜಗತ್ತಿಗೆಲ್ಲ ಪರಿಚಯವಾಯಿತು. ಅದು ಜಾರ್ಜ್ ಲೂಕಾಸರ ‘ಸ್ಟಾರ್ ವಾರ್ಸ್’. ಚಿತ್ರಕ್ಕೆ ಹಣ ಹೂಡಬೇಕಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನವರಿಗೆ ಲೂಕಾಸ್ ತೋರಿಸಿದ್ದು ಮೆಕ್ವಾರಿ ಬರೆದುಕೊಟ್ಟ ವರ್ಣಚಿತ್ರಗಳನ್ನು. ಅದರ ನೌಕೆಗಳ ಮೊದಲ ಮಾದರಿಗಳನ್ನು ಕಟ್ಟಿದವರು ಕಾಲಿನ್ ಕ್ಯಾಂಟ್‌ವೆಲ್. ಅವನ್ನು ಚಿತ್ರೀಕರಣಕ್ಕೆ ತಕ್ಕಂತೆ ತಿದ್ದಿದವರಲ್ಲಿ ಜೋ ಜಾನ್‌ಸ್ಟನ್ ಪ್ರಮುಖರು. ಇಲ್ಲಿಯೂ ಬದಿಗಿಟ್ಟದ್ದು ವ್ಯರ್ಥವಾಗಲಿಲ್ಲ. ನಾಯಕರ ‘ಮಿಲೆನಿಯಮ್ ಫಾಲ್ಕನ್’ ನೌಕೆಗೆ ಮೊದಲು ಗೊತ್ತುಮಾಡಿದ್ದು ಉದ್ದನೆಯ ಆಕಾರ. ಅಷ್ಟರಲ್ಲಿ ಬ್ರಿಟನ್ನಿನ ‘ಸ್ಪೇಸ್: 1999’ ಧಾರಾವಾಹಿಯಲ್ಲಿ ಅದನ್ನು ಹೋಲುವ ನೌಕೆಯೊಂದು ಬಂದುಬಿಟ್ಟಿತು. ಲೂಕಾಸ್ ಬೇರೆ ಆಕಾರ ಬೇಕೆಂದರು. ದುಂಡು ತಟ್ಟೆಯ ಫಾಲ್ಕನ್ ಹುಟ್ಟಿತು. ಉದ್ದನೆಯ ನೌಕೆಗೆ ಮೂತಿ ಬದಲಿಸಿ ಚಿತ್ರದ ಮೊಟ್ಟಮೊದಲ ದೃಶ್ಯದಲ್ಲಿ ಓಡಿಬರುವ ನೌಕೆಯನ್ನಾಗಿ ಮಾಡಿದರು.

ಅದರ ಬೆನ್ನಟ್ಟಿ ಬರುವ ದೈತ್ಯ ‘ಸ್ಟಾರ್ ಡೆಸ್ಟ್ರಾಯರ್’ನ ಉದ್ದ ಕಥೆಯ ಪ್ರಕಾರ 1,600 ಮೀಟರ್. ಮಾದರಿಯ ಉದ್ದವಾದರೋ ಸುಮಾರು 3 ಅಡಿ! ಇಷ್ಟು ಚಿಕ್ಕದು ಅಷ್ಟು ದೊಡ್ಡದಾಗಿ ಕಂಡದ್ದು ಹೇಗೆ? ದೂರದ ವಸ್ತುವಿನ ಗಾತ್ರವನ್ನು ನಮ್ಮ ಕಣ್ಣು ಅದರ ಮೇಲಿರುವ ಚಿಕ್ಕಪುಟ್ಟ ಭಾಗಗಳಿಂದ ಅಳೆಯುತ್ತದೆ. ಕಟ್ಟಡದಲ್ಲಿ ಕಿಟಕಿಗಳು ಸಣ್ಣದಾಗಿ ಕಂಡಷ್ಟೂ ಕಟ್ಟಡ ದೊಡ್ಡದೆನಿಸುತ್ತದೆ. ಮಾದರಿ ಕಟ್ಟುವವರು ಟ್ಯಾಂಕು, ವಿಮಾನ, ಹಡಗುಗಳ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ರಾಶಿ ರಾಶಿಯಾಗಿ ಕೊಂಡು ತಂದು, ಅವುಗಳ ಬಿಡಿಭಾಗಗಳನ್ನು ನೌಕೆಯ ಮೈತುಂಬ ಅಂಟಿಸಿದರು. ಎಂಟರ್‌ಪ್ರೈಸ್‌ನ ನುಣುಪಿಗೆ ಇದು ತೀರ ವಿರುದ್ಧವಾದ ದಾರಿ. ಇಂದಿನ ನೌಕೆಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ವಂಶಕ್ಕೆ ಸೇರಿದವು.

ವಂಶ ಎಂಬ ಮಾತನ್ನು ಇಲ್ಲಿ ಸುಮ್ಮನೆ ಬಳಸಲಿಲ್ಲ. ಹಳೆಯ ಕಥೆಯನ್ನು ಮುಂದುವರಿಸುವ ಹೊಸ ಚಿತ್ರದ ವಿನ್ಯಾಸಕಾರರಿಗೆ ಒಂದು ಇಕ್ಕಟ್ಟಿದೆ. ನೌಕೆ ಹಳೆಯದರಂತೆಯೇ ಇದ್ದರೆ ‘ಹೊಸದೇನಿದೆ?’ ಎಂದು ಕೇಳುತ್ತಾರೆ. ಪೂರ್ತಿ ಬೇರೆಯಾದರೆ ‘ಇದು ನಮ್ಮದಲ್ಲ’ ಎನ್ನುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿರುವಂತಹ ಹೋಲಿಕೆ ಬೇಕು. ಬದಿಗಿಟ್ಟ ಪರಿಕಲ್ಪನಾ ಚಿತ್ರದಲ್ಲಿ ಆ ಗುಣ ಸಹಜವಾಗಿಯೇ ಇರುತ್ತದೆ. ಮೂಲದ ಜೊತೆಜೊತೆಗೆ, ಅದೇ ಕೈಗಳಿಂದ ಅಥವಾ ಅದನ್ನು ಚೆನ್ನಾಗಿ ಬಲ್ಲ ಕೈಗಳಿಂದ ಹುಟ್ಟಿದ್ದು ಅದು. ಆದರೂ ಪ್ರೇಕ್ಷಕರು ಅದನ್ನು ಪರದೆಯ ಮೇಲೆ ಕಂಡಿರುವುದಿಲ್ಲ.

2015ರ ‘ದಿ ಫೋರ್ಸ್ ಅವೇಕನ್ಸ್’ ಚಿತ್ರದ ‘ಎಕ್ಸ್-ವಿಂಗ್’ ಯುದ್ಧನೌಕೆಯನ್ನು ನೋಡಿ. 1977ರ ನೌಕೆಯಲ್ಲಿ ನಾಲ್ಕು ದುಂಡು ಇಂಜಿನ್ನುಗಳಿದ್ದವು. 2015ರ ನೌಕೆಯಲ್ಲಿ ನಾಲ್ಕೂ ಅರೆದುಂಡು. ರೆಕ್ಕೆ ಮುಚ್ಚಿದಾಗ ಎರಡೆರಡು ಸೇರಿ ಒಂದು ಪೂರ್ಣ ವೃತ್ತವಾಗುತ್ತದೆ, ತೆರೆದಾಗ ಇಬ್ಭಾಗವಾಗುತ್ತದೆ. ಇದು ಮೆಕ್ವಾರಿಯವರ ಆರಂಭದ ಚಿತ್ರಗಳಲ್ಲಿದ್ದ ಕಲ್ಪನೆ. 2014ರ ‘ರೆಬೆಲ್ಸ್’ ಆ್ಯನಿಮೇಷನ್ ಧಾರಾವಾಹಿಯವರಂತೂ ತಮ್ಮ ನೋಟಕ್ಕೆಲ್ಲ ಅವರ ಚಿತ್ರಗಳನ್ನೇ ಆಧಾರವಾಗಿ ಇಟ್ಟುಕೊಂಡರು.

ತಂತ್ರಜ್ಞಾನವೂ ಇದಕ್ಕೆ ನೆರವಾಗಿದೆ. ಮಾದರಿಗಳ ಕಾಲದಲ್ಲಿ ನೌಕೆಯನ್ನು ನೀಲಿ ತೆರೆಯ ಮುಂದೆ ಚಿತ್ರೀಕರಿಸಿ, ಆಮೇಲೆ ಆ ನೀಲಿಯನ್ನು ತೆಗೆದು ನಕ್ಷತ್ರಗಳನ್ನು ಸೇರಿಸುತ್ತಿದ್ದರು. ಹೊಳೆಯುವ ಮೈಯಲ್ಲಿ ನೀಲಿ ಪ್ರತಿಫಲಿಸಿದರೆ ಆ ಜಾಗವೂ ಮಾಯವಾಗಿ ತೂತು ಬಿದ್ದಂತೆ ಕಾಣುತ್ತಿತ್ತು. ಕಲಾವಿದ ಕುಂಚದಲ್ಲಿ ಎಷ್ಟು ಹೊಳಪನ್ನಾದರೂ ತರಬಹುದು. ಮಾದರಿಯಲ್ಲಿ ಅದನ್ನು ತರುವುದು ಕಷ್ಟವಾಗಿತ್ತು. ಗಣಕಯಂತ್ರದಲ್ಲಿ ಈ ನಿರ್ಬಂಧವಿಲ್ಲ. ಹಾಗೆಂದು ಹಳೆಯ ಕೈಕೆಲಸವನ್ನು ಬಿಟ್ಟರೆಂದಲ್ಲ. 2016ರ ‘ರೋಗ್ ಒನ್’ ಚಿತ್ರಕ್ಕಾಗಿ ಹಳೆಯ ಪ್ಲಾಸ್ಟಿಕ್ ಪೆಟ್ಟಿಗೆಗಳ ಬಿಡಿಭಾಗಗಳನ್ನು ಗಣಕಯಂತ್ರದೊಳಗೆ ರೂಪಿಸಿಕೊಂಡು, ಗಣಕದ ನೌಕೆಗಳಿಗೆ ‘ಅಂಟಿಸಿದರು’. 2019ರ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯ ಕೆಲವು ದೃಶ್ಯಗಳಿಗೆ ‘ರೇಜರ್ ಕ್ರೆಸ್ಟ್’ ನೌಕೆಯ ನಿಜವಾದ ಮಾದರಿಯನ್ನೇ ಕಟ್ಟಿ ಚಿತ್ರೀಕರಿಸಿದರು.

ಇದರಲ್ಲಿ ಒಂದು ಅಪಾಯವೂ ಇದೆ. ಜೆಫರೀಸ್ ಹಳೆಯ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದು ಅವುಗಳಿಂದ ದೂರ ಹೋಗಲು. ಇಂದಿನವರು ಅಂಟಿಸುವುದು ಅವುಗಳ ಹತ್ತಿರ ಹೋಗಲು. ಎಲ್ಲರೂ ಒಂದೇ ಕಪಾಟನ್ನು ತಡಕುತ್ತಾ ಕುಳಿತರೆ ಇನ್ನು ನಲವತ್ತು ವರ್ಷಗಳ ಮೇಲೆ ಹುಡುಕುವವರಿಗೆ ಅಲ್ಲಿ ಏನಿರುತ್ತದೆ? ಹಳೆಯ ಚಿತ್ರವನ್ನು ಪಡೆದವರು ಅದಕ್ಕೆ ತಮ್ಮದೊಂದು ಆಲೋಚನೆಯನ್ನು ಸೇರಿಸಿದ್ದಾರೆಯೇ ಎಂದು ನೋಡಬೇಕು. ನಕಲು ಯಾವುದು, ಮುಂದುವರಿಕೆ ಯಾವುದು ಎಂದು ಅಳೆಯಲು ಇದೇ ಒಳ್ಳೆಯ ಒರೆಗಲ್ಲು.

ಡಿಸ್ಕವರಿ ನೌಕೆಯನ್ನು ಈ ಒರೆಗೆ ಹಚ್ಚೋಣ. ಮೆಕ್ವಾರಿಯವರ ಚಿತ್ರವೇ ಪ್ರೇರಣೆ ಎಂಬುದನ್ನು ನಿರ್ಮಾಪಕರು ಮುಚ್ಚಿಡಲಿಲ್ಲ. 2016ರ ಮುನ್ನೋಟದಲ್ಲಿ ಅದು ಹಳೆಯ ಚಿತ್ರಕ್ಕೆ ತೀರ ಹತ್ತಿರವಾಗಿತ್ತು, ಹಲವರು ಟೀಕಿಸಿದರು. 2017ರಲ್ಲಿ ಧಾರಾವಾಹಿ ಆರಂಭವಾಗುವ ಹೊತ್ತಿಗೆ ಅದನ್ನು ಸಾಕಷ್ಟು ತಿದ್ದಿದ್ದರು. ಇಂಜಿನ್ನುಗಳು ನೀಳವಾದವು. ತಟ್ಟೆಯ ನಡುವೆ ಸಂದುಗಳು ಬಂದು ಉಂಗುರಗಳಂತಾಯಿತು. ಆ ಉಂಗುರಗಳು ಬರಿಯ ಅಲಂಕಾರಕ್ಕಲ್ಲ: ನೌಕೆ ಒಂದೆಡೆಯಿಂದ ಇನ್ನೊಂದೆಡೆಗೆ ಕ್ಷಣಮಾತ್ರದಲ್ಲಿ ಜಿಗಿಯುವಾಗ ಅವು ಗಿರ್ರನೆ ತಿರುಗುತ್ತವೆ. 1976ರ ಚಿತ್ರದಲ್ಲಿ ಇದಿರಲಿಲ್ಲ. ತ್ರಿಕೋನ ಮೆಕ್ವಾರಿ ಮತ್ತು ಆಡಮ್ ಅವರದು, ತಟ್ಟೆ ಜೆಫರೀಸರದು, ತಿರುಗುವ ಉಂಗುರ ಹೊಸಬರದು.

ಧಾರಾವಾಹಿಯ ಮೊದಲ ಭಾಗ 2018ರ ಫೆಬ್ರವರಿಯಲ್ಲಿ ಮುಗಿಯಿತು. ಅದರ ಕಡೆಯ ದೃಶ್ಯದಲ್ಲಿ ಡಿಸ್ಕವರಿಗೆ ಎದುರಾಗಿ ಇನ್ನೊಂದು ನೌಕೆ ಬರುತ್ತದೆ. ತಟ್ಟೆ, ಕೆಳಗೊಂದು ದುಂಡು ಒಡಲು, ಮೇಲಕ್ಕೆ ಚಾಚಿದ ಎರಡು ತೋಳು. ತೋಳುಗಳು ಮೊದಲಿಗಿಂತ ಕೊಂಚ ಓರೆ, ಮೈಮೇಲೆ ಗೆರೆಗಳು ಕೊಂಚ ಹೆಚ್ಚು. ತಟ್ಟೆಯ ಮೇಲಿದ್ದ ಸಂಖ್ಯೆ 1701.