ಹುಳದ ಹೊಟ್ಟೆಯೊಳಗಿನ ಸೀಸ

ಹರಿಹರದ ಹೊಳೆಯಲ್ಲಿ ಬೀಸುಬಲೆ ಹಾಕುವವರಿಗೆ ಸೀಸದ ಮಹತ್ವ ಗೊತ್ತು. ಬಲೆಯ ಅಂಚಿನ ಗುಂಡುಗಳ ತೂಕ ಸಾಲದಿದ್ದರೆ ಬಲೆ ತಳ ಮುಟ್ಟುವಷ್ಟರಲ್ಲಿ ಮೀನು ಜಾಗ ಖಾಲಿ ಮಾಡಿರುತ್ತದೆ. ಟ್ರೌಟ್ ಮೀನಿಗೆ ಗಾಳ ಹಾಕುವವರದೂ ಇದೇ ಲೆಕ್ಕ. ಅವರು ಮಾತ್ರ ಸೀಸವನ್ನು ಬೆರಳುದ್ದವೂ ಇಲ್ಲದ ಕೃತಕ ಹುಳದೊಳಗೆ ಅಡಗಿಸುತ್ತಾರೆ.

ಆನಗೋಡು ಸುತ್ತಿನ ಕೆರೆಗಳಲ್ಲಿ ಟ್ರೌಟ್ ಬದುಕದು. ಅದಕ್ಕೆ ತಣ್ಣನೆಯ, ಹರಿಯುವ ನೀರೇ ಬೇಕು. ನಮಗೆ ಹತ್ತಿರದ ಟ್ರೌಟ್ ಹೊಳೆಗಳಿರುವುದು ನೀಲಗಿರಿಯಲ್ಲಿ. 20ನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಎಂಬವರು ಅಲ್ಲಿನ ಅವಲಾಂಚಿಯಲ್ಲಿ ಈ ಮೀನಿನ ಮರಿ ಮಾಡಿಸಿ ಬಿಟ್ಟರು.

ಟ್ರೌಟ್‌ಗೆ ಪ್ರಿಯವಾದ ಆಹಾರಗಳಲ್ಲೊಂದು ಸ್ಟೋನ್‌ಫ್ಲೈ ಕೀಟದ ಮರಿ, ಅಂದರೆ ನಿಂಫ್. ಅಮೆರಿಕದ ಮೊಂಟಾನಾ ಹೊಳೆಗಳ ದೊಡ್ಡ ಜಾತಿಯೊಂದು ಮೂರು-ನಾಲ್ಕು ವರ್ಷ ನೀರಿನ ತಳದ ಕಲ್ಲುಗಳ ಅಡಿಯಲ್ಲೇ ಕಳೆಯುತ್ತದೆ. ಹಾಗಾಗಿ ಅದರ ನಕಲು ತೇಲಿದರೆ ಪ್ರಯೋಜನವಿಲ್ಲ, ತಳಕ್ಕೆ ತಾಗುತ್ತಲೇ ಸಾಗಬೇಕು.

ಉದ್ದ ಕಡ್ಡಿಯ ಗಾಳವನ್ನು ಪುಟ್ಟ ವೈಸ್‌ಗೆ ಸಿಕ್ಕಿಸಿ ದಾರ ಸುತ್ತುವುದರಿಂದ ಕೆಲಸ ಶುರು. ಆಮೇಲೆ ಗಾಳದ ಕಡ್ಡಿಯಷ್ಟೇ ದಪ್ಪದ ಸೀಸದ ತಂತಿ, ಹದಿನೈದಿಪ್ಪತ್ತು ಸುತ್ತು. ಹುಳ ತಲೆ ಮುಂದಾಗಿ ಮುಳುಗಲೆಂದು ಹೆಚ್ಚಿನ ಸುತ್ತು ಎದೆಯ ಭಾಗಕ್ಕೆ. ಕೆಲವರು ಸುತ್ತುವ ಬದಲು ಕಡ್ಡಿಯ ಎರಡೂ ಪಕ್ಕಕ್ಕೆ ತಂತಿಯ ತುಂಡು ಕಟ್ಟುತ್ತಾರೆ. ಆಗ ನಿಜವಾದ ಹುಳದ ಚಪ್ಪಟೆ ಮೈ ಬರುತ್ತದೆ. ಬಾಲಕ್ಕೆ ಹೆಬ್ಬಾತಿನ ಗರಿಯ ಎರಡು ಗಡುಸು ಎಳೆ, ಮೈಗೆ ಕಂದು ಇಲ್ಲವೇ ಕಪ್ಪು ಉಣ್ಣೆ, ಹೊಟ್ಟೆಯ ಗೆರೆಗಳಿಗೆ ತಾಮ್ರದ ತಂತಿ, ಬೆನ್ನಿಗೆ ಟರ್ಕಿ ಕೋಳಿಯ ಗರಿ, ಕಾಲಿಗೆ ಹುಂಜದ ಪುಕ್ಕ. ಸೀಸ ಹೆಚ್ಚಾದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಸೆಳೆತ ಎತ್ತಿಕೊಂಡು ಹೋಗುತ್ತದೆ. ನೋಡುವವರು ಪುಕ್ಕಗಳನ್ನು ಮೆಚ್ಚುತ್ತಾರೆ; ಕಟ್ಟುವವರ ಜಾಣತನವೆಲ್ಲ ಒಳಗಿನ ಸೀಸದ ಅಳತೆಯಲ್ಲಿದೆ.

ಮೊಂಟಾನಾದ ಗಾಳಗಾರ ಚಾರ್ಲ್ಸ್ ಬ್ರೂಕ್ಸ್ ಇನ್ನೊಂದು ಸಂಗತಿ ಗಮನಿಸಿದರು. ಜೀವಂತ ಹುಳ ಸೆಳೆತದಲ್ಲೂ ಬೆನ್ನು ಮೇಲಾಗಿಯೇ ಇರುತ್ತದೆ. ಕಟ್ಟಿದ ಹುಳ ಹೊರಳುತ್ತದೆ, ಮೀನು ಹೆದರುತ್ತದೆ. ಅದಕ್ಕೇ ಅವರು ಬೆನ್ನು-ಹೊಟ್ಟೆಯ ಭೇದವಿಲ್ಲದ, ಸುತ್ತಲೂ ಒಂದೇ ಥರ ಕಾಣುವ ಹುಳ ಕಟ್ಟಿದರು. 1976ರ ‘ನಿಂಫ್ ಫಿಶಿಂಗ್ ಫಾರ್ ಲಾರ್ಜರ್ ಟ್ರೌಟ್’ ಪುಸ್ತಕ ಅವರದೇ.

ಈ ಕಸುಬಿನ ಪುಕ್ಕಗಳಿಗೂ ನಮ್ಮ ಸಹ್ಯಾದ್ರಿಗೂ ಹಳೆಯ ನಂಟಿದೆ. ಕಾಡುಕೋಳಿ ಹುಂಜದ ಕತ್ತಿನ ಚುಕ್ಕೆ ಗರಿಗಳಿಗೆ ಬ್ರಿಟನ್ನಿನಲ್ಲಿ, ಸಾಲ್ಮನ್ ಮೀನಿನ ಗಾಳ ಕಟ್ಟುವವರಲ್ಲಿ, ಭಾರೀ ಬೇಡಿಕೆಯಿತ್ತು. ಈಗ ಆ ಹಕ್ಕಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಇರಲೇಬೇಕಾದದ್ದು. ಸೀಸಕ್ಕೂ ಕಡಿವಾಣ ಬಿದ್ದಿದೆ. ಗಾಳದ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಇಂಗ್ಲೆಂಡ್ 1987ರಲ್ಲಿ ಸಣ್ಣ ಗುಂಡುಗಳನ್ನು ನಿಷೇಧಿಸಿತು. ಹುಳ ಕಟ್ಟುವವರಲ್ಲಿ ಅನೇಕರು ಈಗ ಟಂಗ್‌ಸ್ಟನ್ ಮಣಿ ಬಳಸುತ್ತಾರೆ. ಸೀಸದ ಸಾಂದ್ರತೆ 11.3 ಆದರೆ ಅದರದು 19.3, ಮಣಿ ಚಿಕ್ಕದು, ಮುಳುಗುವುದು ಬೇಗ.

ನಿಜವಾದ ಸ್ಟೋನ್‌ಫ್ಲೈ ಮರಿಯನ್ನು ಗಾಳದವರಷ್ಟೇ ಆಸ್ಥೆಯಿಂದ ನೋಡುವವರು ನೀರಿನ ವಿಜ್ಞಾನಿಗಳು. ನೀರಿನ ಶುದ್ಧತೆ ಅಳೆಯಲು ಬ್ರಿಟನ್ನಿನಲ್ಲಿ ರೂಪುಗೊಂಡ ಅಂಕಪದ್ಧತಿಯಲ್ಲಿ ಸ್ಟೋನ್‌ಫ್ಲೈಗಳ ಹಲವು ಕುಟುಂಬಗಳಿಗೆ 10 ಅಂಕ, ಕೊಳಕು ನೀರಲ್ಲೂ ಬದುಕುವ ಎರೆಹುಳದ ಜಾತಿಗೆ 1. ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದಾಗ, 1980ರ ದಶಕದಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಟಕ್ಕಿಳಿಯಿತು. ಮೀನು ಸಾಯುವ ಹೊತ್ತಿಗೆ ತಡವಾಗಿರುತ್ತದೆ. ತಳದ ಹುಳಗಳು ಮೊದಲೇ ಸುದ್ದಿ ಕೊಡುತ್ತವೆ. ಸಹ್ಯಾದ್ರಿಯ ತೊರೆಗಳಲ್ಲಿ ಸ್ಟೋನ್‌ಫ್ಲೈ ಮರಿಗಳಿವೆ. ಗುರುತು ಸುಲಭ: ಬಾಲ ಎರಡು, ಕಾಲಿನ ತುದಿಯಲ್ಲಿ ಉಗುರೂ ಎರಡು. ಅದರ ಜೊತೆಗೇ ಸಿಗುವ ಮೇಫ್ಲೈ ಮರಿಗೆ ಸಾಮಾನ್ಯವಾಗಿ ಬಾಲ ಮೂರು, ಉಗುರು ಒಂದೇ.